ಸದ್ದಿನವಳು

ಅವನ ಕುದುರೆ ನಾನು.
ಎರಡು ಹೋಳು ತೆಂಗಿನ ಕರಟ, ಒಂದು ತಟ್ಟೆ ಮರಳು,
ಇಷ್ಟರಲ್ಲೇ ಹನ್ನೊಂದು ವರ್ಷ
ವಾಲ್ಪರೈಸೊದ ಈ ರೇಡಿಯೊ ಕೋಣೆಯೊಳಗೆ
ಕ್ಯಾಪ್ಟನ್ ಉರ್ಸಿನೊನನ್ನು ಹೊತ್ತು ಓಡಿದ್ದೇನೆ.
ಅವನ ಕತ್ತಿಯೂ ನಾನೇ: ಮೀನಂಗಡಿಯ ಎರಡು ಚೂರಿ.
ಅವನ ನಿಲುವಂಗಿ ನನ್ನ ಹಳೇ ಕೊಡೆಯ ಬಟ್ಟೆ.
ಅವನು ಕೊಟ್ಟ ಮುತ್ತೆಲ್ಲ
ನನ್ನ ಮುಂಗೈಗೆ ನಾನೇ ಕೊಟ್ಟುಕೊಂಡದ್ದು.

ಮಾತು ಮಾತ್ರ ಫರ್ಮೀನ್ ಒಸಾಂದೋನನದು.
ಬೀದಿನಾಯಿಗೆ ಹೆದರುವ, ಹೊಟ್ಟೆಹುಣ್ಣಿನ ಸಾಧು ಮನುಷ್ಯ.
ಮೈಕಿನ ಮುಂದೆ ನಿಂತು ಅವನು
‘ನ್ಯಾಯಕ್ಕೆ ನನ್ನ ನೆತ್ತರು’ ಅಂದನೆಂದರೆ
ಗುಡ್ಡದ ತಗಡಿನ ಮನೆಗಳಲ್ಲಿ
ಪಾತ್ರೆ ತೊಳೆಯುವ ಕೈ ನಿಲ್ಲುತ್ತಿತ್ತು.
ಬಂದರಿನ ಹಮಾಲರು ಮಕ್ಕಳಿಗೆ ಆ ಹೆಸರಿಟ್ಟರು.
ಗಂಡ ಸತ್ತ ವರ್ಷ, ಸುಳ್ಳೇಕೆ,
ನಾನೂ ಕರಟ ಕೆಳಗಿಟ್ಟು ಕಣ್ಣೊರೆಸಿಕೊಂಡವಳೇ.

ಆಮೇಲೆ ಆ ಸೇತುವೆಯ ಕಂತು ಬಂತು.
ಗವರ್ನರನ ಮಗಳನ್ನು ಎದೆಗವಚಿ
ಉರ್ಸಿನೊ ಹಗ್ಗ ಕಡಿಯುತ್ತಾನೆ.
ಹಾಳೆಯಲ್ಲಿ ಬರೆದಿತ್ತು:
‘ಬಂಡಿ ಕಮರಿಗೆ. ನಾಲ್ಕು ಸೆಕೆಂಡು. ಸಂಗೀತ.’
ತಗಡು ಅಲುಗಿಸಿದೆ, ಒಡಕು ಪಿಂಗಾಣಿ ಸುರಿದೆ,
ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೆಲರಿ ದಂಟು
ಮೂರನ್ನು ಒಟ್ಟಿಗೆ ಮುರಿದೆ.
ಎಲುಬಿಗೆ ಸೆಲರಿಯಂಥದು ಇನ್ನೊಂದಿಲ್ಲ.

ಅಂದು ರಾತ್ರಿ ಆ ದಂಟನ್ನೇ ಸಾರಿಗೆ ಹಾಕಿ
ಕುದಿ ಬರುವುದನ್ನು ಕಾಯುತ್ತ ನಿಂತಾಗ
ತಟ್ಟನೆ ಹೊಳೆಯಿತು:
ಇದು ಯಾರ ಎಲುಬು?

ಬಂಡಿಯೆಂದಮೇಲೆ ಬಂಡಿ ಹೊಡೆಯುವವನು ಇರಲೇಬೇಕಲ್ಲ.

ಬರೆಯುವ ಬಾಲ್ತಿಯೆರ್ರಾನನ್ನು ಕೇಳಿದೆ.
ಸಿಗರೇಟು ಆರಿಸುತ್ತ ನಕ್ಕ:
‘ಎದುವಿಹೆಸ್, ಅವನಿಗೆ ಮಾತೇ ಇಲ್ಲ.
ಮಾತಿಲ್ಲದವನಿಗೆ ನಾವು ಸಂಬಳವನ್ನೂ ಕೊಡುವುದಿಲ್ಲ.’

ಹಳೆಯ ಹಾಳೆಗಳನ್ನು ಹರಡಿಕೊಂಡು ಕೂತೆ.
ಕೋಟೆಗೆ ಬೆಂಕಿಯಿಟ್ಟ ರಾತ್ರಿ, ಒಳಗಿದ್ದ ಅಡುಗೆಯವರು.
ಎರವಲು ತಂದು, ಓಡಿಸಿ ಓಡಿಸಿ ಕೊಂದ ಕಂದು ಕುದುರೆ;
ಅದನ್ನಂತೂ ನಾನೇ ಏದುಸಿರು ಬಿಟ್ಟು ಕೊಂದೆ.
ಬಾಗಿಲು ತೆರೆಯಲು ತಡಮಾಡಿದ ಮುದುಕನ ಕೆನ್ನೆಗೆ
ತೊಗಲಿನ ಕೈಚೀಲದಿಂದ ಒಂದು ಏಟು.
‘ಸಮಯವಿಲ್ಲ, ಅಜ್ಜ!’ ಅಂದಿದ್ದ ಉರ್ಸಿನೊ.
ಊರಿಗೆ ಊರೇ ನಕ್ಕಿತ್ತು.
ಲೆಕ್ಕ ಬರೆಯತೊಡಗಿದವಳು
ನಲವತ್ತರ ಹತ್ತಿರ ಬಂದಾಗ ಪೆನ್ಸಿಲ್ ಇಟ್ಟುಬಿಟ್ಟೆ.

ಅವನು ಕೆಟ್ಟವನೆಂದು ಹೇಳಲಾರೆ.
ಕೆಟ್ಟವನಾದರೆ ಒಮ್ಮೆಯಾದರೂ ತಿರುಗಿ ನೋಡುತ್ತಿದ್ದ,
ಎಷ್ಟಾಯಿತೆಂದು.
ಇವನ ಕತ್ತು ತಿರುಗುವುದೇ ಇಲ್ಲ.
ಹಾಗೆ ತಿರುಗದಿರುವುದನ್ನೇ ನಾವು ಧೈರ್ಯ ಅಂದೆವೋ ಏನೋ.

ಗುರುವಾರ ಸೇತುವೆಯ ಕಂತು ಮತ್ತೊಮ್ಮೆ ಬಿತ್ತರ.
ಆಗೆಲ್ಲ ಮುದ್ರಣವಿಲ್ಲ, ಎಲ್ಲವನ್ನೂ ಹೊಸದಾಗಿಯೇ ಸಾಯಿಸಬೇಕು.
ತಗಡು, ಪಿಂಗಾಣಿ, ಸೆಲರಿ.
ಪಿಟೀಲಿನವನು ಕಮಾನು ಎತ್ತಿದ್ದ.
ನಾನು ಮೈಕಿಗೆ ಬಾಯಿಟ್ಟು
ನರಳಿದೆ.
ಜೋರಾಗೇನಲ್ಲ. ದಾರಿಬದಿಯಲ್ಲಿ ಬಿದ್ದವನು
ಯಾರೂ ಬರುವುದಿಲ್ಲವೆಂದು ತಿಳಿದಮೇಲೆ ನರಳುವಷ್ಟು.
ಪಿಟೀಲು ಒಂದು ಕ್ಷಣ ತಡವಾಯಿತು.
ಫರ್ಮೀನ್ ನನ್ನತ್ತ ನೋಡಿದ, ಮುಂದಿನ ಸಾಲು ಮರೆತು.
ನ್ಯಾಯ ಅನ್ನಬೇಕಿತ್ತು ಅವನು. ಕೆಮ್ಮಿದ.

ದಂಡ ಹಾಕಿದರು, ಅರ್ಧ ವಾರದ ಕೂಲಿ.
ಸೋಮವಾರ ಒಂದು ಕಾಗದ ಬಂತು,
ಪೆನ್ಸಿಲಿನಲ್ಲಿ, ಸೋಪಿನ ಹೊದಿಕೆಯ ಹಿಂಬದಿಗೆ:
‘ಕಮರಿಯಲ್ಲಿದ್ದವನು ಬದುಕಿದನೇ?
ನನ್ನ ಯಜಮಾನರೂ ಕತ್ತೆಗಾಡಿ ಹೊಡೆಯುತ್ತಿದ್ದರು.
ಉತ್ತರ ಬರೆಯಿರಿ.’

ಒಂಬತ್ತು ದಿನವಾಯಿತು.
ಕಾಗದ ಕರಟದೊಳಗೆ ಮಡಚಿಟ್ಟಿದೆ.
ಇವತ್ತು ಕುದುರೆಯ ಒಂದು ಕಾಲು
ಸ್ವಲ್ಪ ಮಂದವಾಗಿ ಕೇಳಿಸಿತಂತೆ.